ಅಂಚೆಯಲ್ಲಿ ರೂಪುಗೊಂಡ ಹಾಡು: 'ಸಚ್ ಗ್ರೇಟ್ ಹೈಟ್ಸ್'

ಅಮೆರಿಕದ 'ದಿ ಪೋಸ್ಟಲ್ ಸರ್ವಿಸ್' ತಂಡದ ಬಿಡಿಗೀತೆ 'ಸಚ್ ಗ್ರೇಟ್ ಹೈಟ್ಸ್' 2003ರ ಜನವರಿಯಲ್ಲಿ ಬಿಡುಗಡೆಯಾಯಿತು. ಸಿಯಾಟಲ್ ನಗರದ ಸಬ್ ಪಾಪ್ ಸಂಸ್ಥೆ ಇದರ ಪ್ರಕಾಶಕರು. ದೊಡ್ಡ ಧ್ವನಿಮುದ್ರಣ ಕಂಪನಿಗಳನ್ನು ಆಶ್ರಯಿಸದ ಇಂತಹ ತಂಡಗಳಿಗೆ 'ಇಂಡೀ' ಎಂಬ ಹೆಸರಿರುವುದು ನಮ್ಮ ಮನೆಗಳ ಮಕ್ಕಳಿಗೆ ಚೆನ್ನಾಗಿ ಗೊತ್ತು.

ತಂಡದ ಹೆಸರು ಬರಿಯ ಅಲಂಕಾರವಲ್ಲ. ಲಾಸ್ ಏಂಜಲೀಸಿನ ಜಿಮ್ಮಿ ಟಾಂಬೊರೆಲ್ಲೊ ವಿದ್ಯುನ್ಮಾನ ವಾದ್ಯಸಂಗೀತವನ್ನು ಸಿದ್ಧಪಡಿಸಿ ಸಿಯಾಟಲ್‌ನಲ್ಲಿದ್ದ ಬೆನ್ ಗಿಬ್ಬರ್ಡ್‌ಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. 'ಡೆತ್ ಕ್ಯಾಬ್ ಫಾರ್ ಕ್ಯೂಟಿ' ತಂಡದ ಗಾಯಕರಾದ ಗಿಬ್ಬರ್ಡ್ ಅದಕ್ಕೆ ಸಾಹಿತ್ಯ, ಗಾಯನಗಳನ್ನು ಸೇರಿಸಿ ಮರಳಿಸುತ್ತಿದ್ದರು. 'ಗಿವ್ ಅಪ್' ಎಂಬ ಧ್ವನಿಸಂಪುಟ ಬಹುಮಟ್ಟಿಗೆ ಹೀಗೆಯೇ ರೂಪುಗೊಂಡಿತು. ಡಿಮ್ಯಾಂಡ್ ಡ್ರಾಫ್ಟುಗಳನ್ನು ಅಂಚೆಗೆ ಹಾಕಿ ವಾರಗಟ್ಟಲೆ ಕಾದ ಕಾಲವನ್ನು ಬ್ಯಾಂಕಿನಲ್ಲಿ ಕಂಡ ನಮಗೆ ಆ ನಿರೀಕ್ಷೆಯ ಸ್ವರೂಪ ಅಪರಿಚಿತವೇನಲ್ಲ.

1980ರ ದಶಕದ ಸಿಂಥ್‌ಪಾಪ್‌ನಂತೆ ಇಲ್ಲಿಯೂ ಯಂತ್ರದ ಸ್ವರಗಳು ಪುಟಿಯುತ್ತವೆ. ಅವುಗಳ ಮೇಲೆ ದೂರದ ಪ್ರಿಯರಿಗೆ ಬರೆದ ಓಲೆಯಂತಹ ಮೃದು ಗಾಯನ. ಯಂತ್ರಸಂಗೀತದಲ್ಲಿ ಭಾವವೆಲ್ಲಿ ಎಂದು ಕೇಳುವವರು ಇದನ್ನೊಮ್ಮೆ ಆಲಿಸಬೇಕು. ಇದೇ ಗೀತೆಯನ್ನು 'ಐರನ್ ಅಂಡ್ ವೈನ್' ಗಿಟಾರಿನೊಂದಿಗೆ ಮೆಲುದನಿಯಲ್ಲಿ ಹಾಡಿದ್ದು, ಅದು 'ಗಾರ್ಡನ್ ಸ್ಟೇಟ್' (2004) ಚಲನಚಿತ್ರದ ಮೂಲಕ ಮನೆಮಾತಾಯಿತು. ಯಂತ್ರವನ್ನು ತೆಗೆದಿಟ್ಟರೂ ಹಾಡು ಸೊರಗಲಿಲ್ಲವಾದ್ದರಿಂದ ಇದರ ನಿಜವಾದ ಬಲ ರಾಗಸಂಯೋಜನೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಹೆಸರು ಮಾತ್ರ ತಂಡವನ್ನು ತೊಡಕಿಗೆ ಸಿಲುಕಿಸಿತು. 'ಪೋಸ್ಟಲ್ ಸರ್ವಿಸ್' ತನ್ನ ನೋಂದಾಯಿತ ವ್ಯಾಪಾರಚಿಹ್ನೆಯೆಂದು ಅಮೆರಿಕದ ಅಂಚೆ ಇಲಾಖೆ 2003ರಲ್ಲಿ ನೋಟೀಸು ಕಳುಹಿಸಿತು. ಸಣ್ಣ ತಂಡವೊಂದು ಹೆಸರನ್ನೇ ಕಳೆದುಕೊಳ್ಳುವ ಪ್ರಸಂಗ. ಆದರೆ 2004ರಲ್ಲಿ ಸೊಗಸಾದ ರಾಜಿಯಾಯಿತು. ಇಲಾಖೆ ಹೆಸರನ್ನು ಬಳಸಲು ಅನುಮತಿಯಿತ್ತಿತು. ಪ್ರತಿಯಾಗಿ ತಂಡವು ಧ್ವನಿಸಂಪುಟದ ಮುಂದಿನ ಪ್ರತಿಗಳಲ್ಲಿ ವ್ಯಾಪಾರಚಿಹ್ನೆಯ ಉಲ್ಲೇಖ ಮಾಡಲು ಮತ್ತು ಆ ವರ್ಷದ ನವೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ನಡೆಯಲಿದ್ದ ಅಂಚೆ ಅಧಿಕಾರಿಗಳ ಸಮಾವೇಶದಲ್ಲಿ ಹಾಡಲು ಒಪ್ಪಿತು. ತನ್ನ ಜಾಲತಾಣದಲ್ಲಿ ಧ್ವನಿಸಂಪುಟವನ್ನು ಮಾರುವುದಕ್ಕೂ ಇಲಾಖೆ ಮುಂದಾಯಿತು. ಪತ್ರಗಳ ಸಂಖ್ಯೆ ಕುಸಿಯತೊಡಗಿದ್ದ ಕಾಲದಲ್ಲಿ ಯುವಜನರ ನಡುವೆ ಅಂಚೆಯ ಹೆಸರು ಓಡಾಡುವುದು ಇಲಾಖೆಗೂ ಲಾಭವೇ. ಕಡತಗಳ ನಡುವೆಯೇ ವಯಸ್ಸು ಕಳೆದ ನಾವು ಕಚೇರಿಯೊಂದರಿಂದ ಇಂತಹ ರಸಿಕತೆಯನ್ನು ಕಂಡದ್ದು ಅಪರೂಪ.

'ಗಿವ್ ಅಪ್' 2012ರಲ್ಲಿ ಅಮೆರಿಕದಲ್ಲಿ 10 ಲಕ್ಷ ಪ್ರತಿಗಳ ಪ್ಲಾಟಿನಂ ಮನ್ನಣೆಗೆ ಪಾತ್ರವಾಯಿತು. ಅದಕ್ಕೂ ಮೊದಲೇ ಈ ಗೀತೆಯ ಸಂಗೀತವನ್ನು ಜಾಹೀರಾತಿಗೆ ಬಳಸಿಕೊಂಡ ಸಂಸ್ಥೆಗಳಲ್ಲಿ ಒಂದು, ಅಂಚೆ ಇಲಾಖೆಯ ಪ್ರತಿಸ್ಪರ್ಧಿಯಾದ ಯು.ಪಿ.ಎಸ್. ಎಂಬ ಖಾಸಗಿ ಕೊರಿಯರ್ ಕಂಪನಿ!