ತಗಾವಿಯಿಂದ ಕ್ಷೀರಧಾರೆಯವರೆಗೆ

ದನಗಳನ್ನು ಕೂಡಿಹಾಕುವ ಆವರಣಕ್ಕೆ ದಡ್ಡಿಯೆನ್ನುವ ರೂಢಿಯುಂಟು. ಆ ಹೆಸರಿನ ಊರೊಂದು ನಮ್ಮ ಹುಕ್ಕೇರಿ ತಾಲೂಕಿನಲ್ಲಿಯೇ ಇರುವದು. ಗೋಕಾವಿ, ಮೂಡಲಗಿ, ಹುಕ್ಕೇರಿಗಳ ಬಡ ಒಕ್ಕಲಿಗನ ಭಾಗ್ಯವನ್ನು ಅಳೆಯಬೇಕಾದರೆ ಮೊದಲು ಅವನ ದಡ್ಡಿಯನ್ನು ನೋಡಬೇಕು. ಆ ದಡ್ಡಿಗೆಂದು ಸರಕಾರವು ಕೊಟ್ಟ ಹಣವು ನಿಜವಾಗಿ ಅಲ್ಲಿಯವರೆಗೆ ಮುಟ್ಟಿತೇ ಎಂಬುದೇ ಈ ಲೇಖನದ ವಿಚಾರವು.

ಒಕ್ಕಲಿಗನಿಗೆ ರಾಜನು ನೆರವಾಗಬೇಕೆಂಬ ಮಾತು ನಮ್ಮಲ್ಲಿ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅರಸನು ರೈತರಿಗೆ ಧಾನ್ಯ, ಪಶು, ಹಣಗಳನ್ನಿತ್ತು ಅನುಗ್ರಹಿಸಬೇಕೆಂದೂ, ಅವರು ಅದನ್ನು ಅನುಕೂಲ ಕಂಡಂತೆ ಹಿಂದಿರುಗಿಸಬೇಕೆಂದೂ ವಿಧಿಸಿದೆ. ‘ಅನುಕೂಲ ಕಂಡಂತೆ’ ಎಂಬುದರಲ್ಲಿಯೇ ಆ ವಿಧಿಯ ಜೀವವಿರುವದು.

1876-78ರ ಬರಗಾಲದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳ ದನಕರುಗಳು ಮೇವಿಲ್ಲದೆ ಅಸಂಖ್ಯವಾಗಿ ಅಳಿದವು. ತರುವಾಯ 1884ರಲ್ಲಿ ಆಂಗ್ಲ ಸರಕಾರವು ಬೀಜ, ದನಗಳನ್ನು ಕೊಳ್ಳಲು ಸಾಲ ಕೊಡುವ ಕಾಯಿದೆಯನ್ನು ಮಾಡಿತು. ಇದಕ್ಕೆ ಜನರು ತಗಾವಿಯೆಂದರು. ಆ ಅರಬೀ ಶಬ್ದದ ಮೂಲಾರ್ಥವು ಬಲಗೊಳಿಸುವಿಕೆ. ಆದರೆ ಸಾಲಕ್ಕೆ ಭದ್ರತೆ ಬೇಕು. ಭದ್ರತೆಗೆ ಹೊಲ ಬೇಕು. ಹೊಲವುಳ್ಳವನು ಅರ್ಜಿ ಬರೆಯಿಸಿದನು. ಪಾಲಿಗೆ ಮಾಡುವವನೂ ಕೂಲಿಕಾರನೂ ಸಾವಕಾರನ ಬಾಗಿಲಿಗೆ ಹೋದರು.

ಇದರ ಪರಿಣಾಮವನ್ನು ಅಂಕಿಗಳೇ ಹೇಳುವವು. 1951-52ರಲ್ಲಿ ಅಖಿಲ ಭಾರತ ಗ್ರಾಮೀಣ ಸಾಲದ ಪರೀಕ್ಷಣ ನಡೆದಾಗ, ರೈತರು ಪಡೆದ ಸಾಲದಲ್ಲಿ ಸರಕಾರದ್ದು ನೂರಕ್ಕೆ 3.3, ಸಹಕಾರಿ ಸಂಘಗಳದ್ದು 3.1 ಮಾತ್ರವೆಂದು ಕಂಡುಬಂದಿತು. ಗದುಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರಿ ಸಂಘವು ಹುಟ್ಟಿದ ನಾಡು ನಮ್ಮದು. ಆದರೂ ಅರ್ಧ ಶತಮಾನದ ತರುವಾಯ ದೇಶದ ಸ್ಥಿತಿಯು ಹೀಗಿದ್ದಿತು.

ಈಗಿನ ಮಾತಿಗೆ ಬರೋಣ. ಸಹಕಾರಿ ಸಂಘಕ್ಕೆ ಹಾಲು ಹಾಕುವವರಿಗೆ ಕರ್ನಾಟಕ ಸರಕಾರವು 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನವನ್ನು ಕೊಡತೊಡಗಿತು. 2013ರಲ್ಲಿ ಅದು 4, 2016ರಲ್ಲಿ 5 ರೂಪಾಯಿಯಾಯಿತು. ಇದೇ ಕ್ಷೀರಧಾರೆ. ತಗಾವಿಗಿಂತ ಇದು ಮೇಲೆಂಬುದನ್ನು ಒಪ್ಪಲೇಬೇಕು. ಯಾಕಂದರೆ ಇದು ಸಾಲವಲ್ಲ. ಹೊಲದ ಉತಾರವನ್ನು ಕೇಳುವದಿಲ್ಲ. ಹಣವು ನೇರವಾಗಿ ಬ್ಯಾಂಕಿನ ಖಾತೆಗೆ ಬೀಳುವದು. ಹೊಲವಿಲ್ಲದ ಹೆಣ್ಣುಮಗಳೂ ತನ್ನ ಹೆಸರಿನಲ್ಲಿ ಅದನ್ನು ಪಡೆಯಬಲ್ಲಳು.

ಆದರೂ ಮೂರು ಕೊರತೆಗಳು ಉಳಿದಿವೆ. ಒಂದನೆಯದು, ಧನವು ಲೀಟರಿನ ಲೆಕ್ಕದ್ದು. ಒಂದು ಎಮ್ಮೆಯ 3 ಲೀಟರಿಗೆ ದಿನಕ್ಕೆ 15 ರೂಪಾಯಿ. 30 ಲೀಟರು ಹಾಕುವವನಿಗೆ 150. ಬಾಕಿಯು ತಿಂಗಳುಗಟ್ಟಲೆ ನಿಂತ ಪ್ರಸಂಗಗಳೂ ಉಂಟು. ದೊಡ್ಡವನು ತಡೆದುಕೊಂಡಾನು, ಚಿಕ್ಕವನಿಗೆ ಹಿಂಡಿಯ ಸಾಲ ಏರುವದು. ಎರಡನೆಯದು, ಸಂಘವಿಲ್ಲದ ಊರಿನವನಿಗೆ ಏನೂ ಇಲ್ಲ. ನಾನು ಮಾಸ್ತರನಾಗಿದ್ದಾಗ ಒಬ್ಬ ಹುಡುಗನು ದಿನಾಲು ತಡಮಾಡಿ ಬರುತ್ತಿದ್ದನು. ಗದರಿಸಿ ಕೇಳಲಾಗಿ, ತಾಯಿ ಕರೆದ ಹಾಲನ್ನು ಮಗ್ಗಲ ಊರಿನ ಸಂಘಕ್ಕೆ ಹೊತ್ತು ಹಾಕಿ ಬರುವೆನೆಂದನು. ಮಳೆಗಾಲದಲ್ಲಿ ಹಳ್ಳ ಬಂದ ದಿನ ಆ ಹಾಲು ಚಹದಂಗಡಿಯವನ ಪಾಲಾಗುತ್ತಿತ್ತು. ಅಂದಿನಿಂದ ನಾನು ಅವನನ್ನು ಗದರಿಸಲಿಲ್ಲ. ಮೂರನೆಯದು, ಹಾಲು ಹಿಂಡದ ದನಕ್ಕೆ ಈ ಧಾರೆಯಿಲ್ಲ. ಕೃಷ್ಣೆ-ಘಟಪ್ರಭೆಗಳ ಕರಿಮಣ್ಣನ್ನು ಉಳಲೆಂದೇ ಬೆಳೆಸಿದ ಕೃಷ್ಣಾತೀರದ ತಳಿಯೂ ಖಿಲಾರಿಯೂ ದುಡಿಮೆಗೆ ಹೆಸರಾದವು. ಅವುಗಳ ಹಾಲು ಕಡಿಮೆ. ಎತ್ತಿನ ಜೋಡಿಯೊಂದನ್ನೇ ನಂಬಿದವನ ದಡ್ಡಿಗೆ ಲೀಟರಿನ ಲೆಕ್ಕವು ಹೊಗಲಾರದು.

ಆದ್ದರಿಂದ ಹಣ ಮುಟ್ಟಲಿಲ್ಲವೆಂದರೆ ಸುಳ್ಳು, ಎಲ್ಲರಿಗೂ ಮುಟ್ಟಿತೆಂದರೂ ಸುಳ್ಳು. ಅಂದು ಹೊಲದ ದಫ್ತರದಲ್ಲಿ ಹೆಸರಿದ್ದವನಿಗೆ ಮುಟ್ಟಿತು. ಇಂದು ಹಾಲಿನ ವಹಿಯಲ್ಲಿ ಹೆಸರಿದ್ದವನಿಗೆ ಮುಟ್ಟುತ್ತಿದೆ. ವಹಿಯು ಅಗಲವಾಯಿತೆಂಬುದು ಸಂತೋಷದ ಮಾತೇ ಸರಿ. ಹಳ್ಳದಾಚೆಯ ಆ ಒಂದು ಎಮ್ಮೆಯ ಮನೆಯೂ ಅದರಲ್ಲಿ ಸೇರಿದಂದು ಕೌಟಿಲ್ಯನ ಅನುಗ್ರಹವು ಪೂರ್ಣವಾಗುವದು.