ಫಾರಮಿನೊಳಗೊಂದು ಬ್ರೌಸರ್

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಹೋದರೆ ಸಕ್ರೆಬೈಲು ಆನೆ ಬಿಡಾರ. ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಆನೆಗಳು ಮೀಯುವ ಆ ಹೊಳೆಯ ಹೆಸರು 2001ರಲ್ಲಿ ಕಂಪ್ಯೂಟರಿಗೂ ಬಂತು. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ.

ಕರ್ನಾಟಕದ ಕಚೇರಿಗಳಲ್ಲಿ ಡೇಟಾಬೇಸು ಬೇರೂರುತ್ತಿದ್ದ ಕಾಲವದು. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು 177 ತಾಲ್ಲೂಕು ಕಚೇರಿಗಳ ಕಂಪ್ಯೂಟರುಗಳನ್ನು ಸೇರಿದವು. ಗ್ರಾಮಲೆಕ್ಕಿಗರ ಕೈಬರಹದ ಜಾಗದಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಕೌಂಟರಿನಲ್ಲಿ ರೈತರ ಕಡೆಗೇ ಮುಖ ಮಾಡಿದ ಎರಡನೆಯ ಪರದೆಯನ್ನೂ ಇಟ್ಟಿದ್ದರು, ತಮ್ಮ ದಾಖಲೆಯಲ್ಲಿ ಏನಾಗುತ್ತಿದೆ ಎಂದು ಅವರೇ ನೋಡಲಿ ಎಂದು. ಆಡಳಿತದ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ಪರದೆಯ ಮೇಲಿನ ಕನ್ನಡಕ್ಕೆ ಆಗ ಗಟ್ಟಿ ನೆಲೆ ಇರಲಿಲ್ಲ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳು ಕನ್ನಡ ಬೆರಳಚ್ಚನ್ನು ಮನೆಮನೆಗೆ ತಂದವು. ಆ ಋಣ ದೊಡ್ಡದು. ಆದರೂ ಅವುಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ನುಡಿಯಲ್ಲಿ ‘ಕ’ದ ಆಕಾರ ‘ಪಿ’ಯ ಜಾಗದಲ್ಲಿ, ‘ಕಿ’ ಅದರ ಮುಂದಿನ ‘ಕ್ಯೂ’ ಜಾಗದಲ್ಲಿ. ಡೇಟಾಬೇಸಿಗೆ ಕಾಣುತ್ತಿದ್ದುದು ಆ ಇಂಗ್ಲಿಷ್ ಸಂಕೇತಗಳು ಮಾತ್ರ. ಹೀಗಾಗಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಕುಮಾರ ಮೊದಲು, ಕಿರಣ ಆಮೇಲೆ.

ಇದಕ್ಕೆ ಪರಿಹಾರ, ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಲ್ಲಿ ಸ್ಥಾನವಿತ್ತು. ಎಸ್‌ಕ್ಯೂಎಲ್ ಸರ್ವರ್ 7, ಆಕ್ಸೆಸ್ 2000 ಎಂಬ ಡೇಟಾಬೇಸುಗಳೆರಡೂ ಯೂನಿಕೋಡ್ ಪಠ್ಯವನ್ನು ಉಳಿಸಿಕೊಳ್ಳಬಲ್ಲವಾಗಿದ್ದವು. ತೊಡಕಿದ್ದುದು ಮೇಲಿನ ಪದರದಲ್ಲಿ. ಡೇಟಾಬೇಸಿಗೆ ಫಾರಮ್ ಕಟ್ಟಲು ಆಗ ಬಹುಜನರು ಹಿಡಿದಿದ್ದ ಸಾಧನ 1998ರ ವಿಷುಯಲ್ ಬೇಸಿಕ್ 6. ಅದರ ಪೆಟ್ಟಿಗೆಗಳು ಅಕ್ಷರಗಳನ್ನು ತೋರಿಸುವ ಮೊದಲು ವಿಂಡೋಸಿನ ಹಳೆಯ ಸಂಕೇತ ಕೋಷ್ಟಕಕ್ಕೆ ಇಳಿಸುತ್ತಿದ್ದವು. ಜಪಾನಿ, ಚೀನೀ ಭಾಷೆಗಳಿಗೆ ಅಂಥ ಕೋಷ್ಟಕ ಇತ್ತು. ಕನ್ನಡಕ್ಕಾಗಲಿ ಹಿಂದಿಗಾಗಲಿ ಇರಲೇ ಇಲ್ಲ. ಒಳಗೆ ಹೆಸರು ಸರಿಯಾಗಿಯೇ ಇದ್ದರೂ ಫಾರಮಿನಲ್ಲಿ ಕಾಣುತ್ತಿದ್ದುದು ಪ್ರಶ್ನೆಚಿಹ್ನೆಗಳ ಸಾಲು.

ಆ ಸಾಲನ್ನು ಅಳಿಸಿದ ದಾರಿಗಳಲ್ಲೊಂದು, ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್.

ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ಒಂದು ಬಿಡಿಭಾಗದಂತೆ ಯಾವುದೇ ಪ್ರೋಗ್ರಾಮಿನ ಫಾರಮಿನೊಳಗೆ ಕೂರಿಸಬಹುದಿತ್ತು. ಪ್ರೋಗ್ರಾಮು ಡೇಟಾಬೇಸಿನಿಂದ ದಾಖಲೆ ತೆಗೆದು, ಅದನ್ನು ಪುಟವಾಗಿ ಹೆಣೆದು, ಆ ಕಿಟಕಿಗೆ ಕೊಡುತ್ತಿತ್ತು; ಇಂಟರ್ನೆಟ್ ಸಂಪರ್ಕವೇ ಬೇಕಿರಲಿಲ್ಲ. ಒತ್ತಕ್ಷರಗಳು ಸರಿಯಾದ ಜಾಗದಲ್ಲಿ ಕೂರುತ್ತಿದ್ದವು. ಪುಟದ ಕೊಂಡಿ ಒತ್ತಿದರೆ ಬ್ರೌಸರ್ ಎಲ್ಲಿಗೋ ಹೊರಡುವ ಮೊದಲೇ ಪ್ರೋಗ್ರಾಮು ಅದನ್ನು ತಡೆದು, ವಿಳಾಸದಲ್ಲಿ ಅಡಗಿಸಿಟ್ಟ ದಾಖಲೆ ಸಂಖ್ಯೆಯನ್ನು ಓದಿಕೊಳ್ಳುತ್ತಿತ್ತು. ಕಾಟವೂ ಇತ್ತು: ಮುದ್ರಿಸಿದರೆ ಹಾಳೆಯ ಅಂಚಿನಲ್ಲಿ ಪುಟದ ವಿಳಾಸ, ದಿನಾಂಕ ತಾವಾಗಿ ಬಂದು ಕೂರುತ್ತಿದ್ದವು. ಅಂಕಪಟ್ಟಿಗೋ ರಸೀದಿಗೋ ಅದು ಶೋಭೆಯಲ್ಲ. ಸೆಟ್ಟಿಂಗ್ ಹುಡುಕಿ ಅದನ್ನು ತೆಗೆಯಬೇಕಿತ್ತು.

ಜಗತ್ತಿನ ಬೇರೆಡೆ ಇದೇ ಉಪಾಯ ಹುಟ್ಟಿದ್ದು ಹೆಚ್ಚಾಗಿ ಅಂದಕ್ಕಾಗಿ, ಕೆಲಸ ಸಲೀಸಾಗಲೆಂದು. ಆಕ್ಸೆಸ್ 2000 ‘ಡೇಟಾ ಆಕ್ಸೆಸ್ ಪೇಜ್’ಗಳನ್ನು ತಂದಿತು, 2007ರ ಆವೃತ್ತಿಯಲ್ಲಿ ಹೊಸದಾಗಿ ಅವನ್ನು ಕಟ್ಟುವ ಅವಕಾಶವೇ ಹೋಯಿತು. ಫೈಲ್‌ಮೇಕರ್ 2006ರಲ್ಲಿ ‘ವೆಬ್ ವ್ಯೂವರ್’ ಕೊಟ್ಟಿತು. ನಕ್ಷೆ, ಚಾರ್ಟು, ಕ್ಯಾಲೆಂಡರ್‌ಗಳೆಲ್ಲ ದಾಖಲೆಯ ಪಕ್ಕದಲ್ಲೇ ಮೂಡತೊಡಗಿದವು. ಕನ್ನಡದಲ್ಲಿ ಮಾತ್ರ ಅಂದದ ಪ್ರಶ್ನೆ ಆಮೇಲಿನದು. ಇಲ್ಲಿ ಬ್ರೌಸರಿನ ಕಿಟಕಿ ಬೇಕಾದದ್ದು ಅಕ್ಷರ ಕಾಣಲೆಂದೇ. ಭಾಷೆಯೊಂದು ತಂತ್ರಜ್ಞಾನದ ಒಳದಾರಿಯನ್ನು ಹೀಗೆ ತನ್ನ ಅಗತ್ಯಕ್ಕೆ ಬಳಸಿಕೊಂಡದ್ದು ಕನ್ನಡ ಗಣಕದ ಚರಿತ್ರೆಯಲ್ಲಿ ದಾಖಲಾಗಬೇಕು.

2022ರ ಜೂನ್ 15ರಂದು ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ವಿದಾಯ ಹೇಳಿತು. ಫಾರಮಿನೊಳಗೆ ಅದರ ಜಾಗಕ್ಕೆ ಬಂದಿರುವ ವೆಬ್‌ವ್ಯೂ2 ಎಂಬ ಬಿಡಿಭಾಗ ಹಳೆಯ ಪುಟಗಳನ್ನು ತೋರಿಸಬಲ್ಲದು, ಆದರೆ ಪ್ರೋಗ್ರಾಮಿನ ಜೊತೆ ಅದು ಮಾತಾಡುವ ರೀತಿಯೇ ಬೇರೆ. ಹಾಗಾಗಿ ಅದಕ್ಕೆ ಹೊರಳಬೇಕಾದರೆ ಹಳೆಯ ಫಾರಮುಗಳ ಆ ಭಾಗವನ್ನು ಹೊಸದಾಗಿ ಬರೆಯಬೇಕು. ಯೂನಿಕೋಡಿನಲ್ಲಿ ಉಳಿಸಿಟ್ಟ ಹೆಸರುಗಳನ್ನು ಮಾತ್ರ ಮುಟ್ಟಬೇಕಿಲ್ಲ.