ಮಗು ದಿನಾ ಗೊರಕೆ ಹೊಡೆಯುತ್ತಾ? ಹಲ್ಲಿನ ಡಾಕ್ಟರ್ ನೋಡೋದು ಏನು?

ಅಂಬೇವಾಡಿ: ಮಗು ಗೊರಕೆ ಹೊಡೆದರೆ ಒಳ್ಳೆ ನಿದ್ದೆ ಅಂತ ಸುಮ್ಮನಾಗಬೇಡಿ. ನೆಗಡಿ ಇಲ್ಲದಿದ್ದರೂ ದಿನಾ ಗೊರಕೆ, ಬಾಯಿ ತೆರೆದು ಮಲಗೋದು, ನಿದ್ದೆಯಲ್ಲಿ ಉಸಿರು ತಡೆಯೋದು, ಹಗಲು ಸಿಡುಕು, ಪಾಠದಲ್ಲಿ ಗಮನ ಇಲ್ಲದಿರುವುದು ಕಂಡರೆ ಡಾಕ್ಟರಿಗೆ ತೋರಿಸಬೇಕು.

ಕಾರಣ: ಹೆಚ್ಚಿನ ಮಕ್ಕಳಲ್ಲಿ ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪವಾಗಿ ಉಸಿರಿನ ದಾರಿ ಕಿರಿದಾಗಿರುತ್ತದೆ. ವರ್ಷಗಟ್ಟಲೆ ಬಾಯಲ್ಲೇ ಉಸಿರಾಡಿದರೆ ಮೇಲ್ದವಡೆ ಕಿರಿದಾಗಿ ಹಲ್ಲು ಒತ್ತೊತ್ತಾಗಿ ಬರಬಹುದು.

ಹಲ್ಲಿನ ಡಾಕ್ಟರ್ ಕೆಲಸ: ದವಡೆ, ಹಲ್ಲಿನ ಸಾಲು, ಟಾನ್ಸಿಲ್ ನೋಡಿ ಅನುಮಾನ ಬಂದರೆ ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಕಳಿಸುತ್ತಾರೆ. ಮೇಲ್ದವಡೆ ನಿಜಕ್ಕೂ ಕಿರಿದಾಗಿದ್ದರೆ ಅಗಲ ಮಾಡುವ ಸಾಧನ ಕೂರಿಸುತ್ತಾರೆ. ಮೂಳೆ ಗಟ್ಟಿಯಾಗಿ ಕೂಡಿಕೊಳ್ಳುವ ಮೊದಲು, ಅಂದರೆ ಚಿಕ್ಕ ವಯಸ್ಸಿನಲ್ಲೇ, ಇದು ಸುಲಭ.

ಎಚ್ಚರ: ಎಲ್ಲ ಗೊರಕೆಗೂ ಈ ಸಾಧನ ಮದ್ದಲ್ಲ. ಟಾನ್ಸಿಲ್, ಅಡಿನಾಯ್ಡ್‌ನಿಂದ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಸಾಮಾನ್ಯವಾಗಿ ಮೊದಲ ದಾರಿ ಆಪರೇಷನ್. ತಜ್ಞರು ನೋಡಿ ಹೇಳುವ ಮೊದಲು ಸಾಧನಕ್ಕೆ ದುಡ್ಡು ಕಟ್ಟಬೇಡಿ.

ಎಲ್ಲಿ ತೋರಿಸೋದು: ಅಂಗನವಾಡಿ, ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ 18 ವರ್ಷದವರೆಗಿನ ಮಕ್ಕಳ ಹಲ್ಲನ್ನೂ ನೋಡುತ್ತದೆ. ದೊಡ್ಡ ತಪಾಸಣೆಗೆ ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು, ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇವೆ. ಹೋಗುವಾಗ ಮಗು ಮಲಗಿದಾಗಿನ ಎರಡು ನಿಮಿಷದ ವಿಡಿಯೋ ಮೊಬೈಲ್‌ನಲ್ಲಿ ಇರಲಿ.